ಬ್ಲಾಕಿಗೆ ಮೂರು ಪೆಟ್ಟು

ನಮ್ಮ ಭಾವನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟದ ನಡುವೆಯೇ ಎದ್ದು ಗ್ಯಾರೇಜಿಗೆ ಹೋಗಿ ಏನನ್ನೋ ಮುಟ್ಟಿ ಬರುತ್ತಾರೆ. ಮೂವತ್ತು ವರ್ಷದಿಂದ ನಮ್ಮ ಅಕ್ಕನ ಜೊತೆ ಆ ಗ್ಯಾರೇಜೂ ಅವರ ಗೊಣಗಾಟ ಸಹಿಸಿಕೊಂಡು ಬಂದಿದೆ.

ಇಂಜಿನ್ನಿನ ಕಬ್ಬಿಣದ ಒಡಲಾದ ಬ್ಲಾಕಿನಲ್ಲಿ ಬಿರುಕಿದೆಯೇ ಎಂದು ನೋಡಲು ಬೇರೆ ಮೆಕ್ಯಾನಿಕ್ಕುಗಳು ಸೀಮೆಎಣ್ಣೆ ಬಳಿದು, ಒರೆಸಿ, ಚಾಕ್ ಪುಡಿ ಉದುರಿಸುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಭಾವನ ಪ್ರಕಾರ ಅದು ಕಿವಿ ಇಲ್ಲದವರ ಕೆಲಸ. ಅವರು ಬ್ಲಾಕನ್ನು ಸರಪಳಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಮೂರು ಪೆಟ್ಟು ಕೊಡುತ್ತಾರೆ. ಗಣಗಣ ಅಂದರೆ ಗಟ್ಟಿ. ಮಂಕಾಗಿ ಸದ್ದು ಬಂದರೆ ಗುಜರಿಗೆ.

ಈ ಸಲ ತೂಗುತ್ತಿದ್ದದ್ದು ನನ್ನ ಸ್ಕೂಲ್ ವ್ಯಾನಿನ ಬ್ಲಾಕು. ಕುದಿಯುತ್ತಿದ್ದ ಇಂಜಿನ್ನಿಗೆ ಅವಸರಪಟ್ಟು ತಣ್ಣೀರು ಸುರಿದ ಬುದ್ಧಿವಂತ ನಾನೇ. ಬ್ಲಾಕಿನ ಹೊರಮೈಯ ಬಿರುಕನ್ನು ಭಾವ ರಿಪೇರಿ ಮಾಡಿದ್ದರು. ಒಳಗೂ ಸೀಳಿದ್ದರೆ ಬ್ಲಾಕನ್ನೇ ಬದಲಾಯಿಸಬೇಕು. ಹಾಗೇ ಕೂರಿಸಿದರೆ ಯಾವತ್ತೋ ಒಂದು ದಿನ ಸೇತುವೆಯ ಇಳಿಜಾರಿನಲ್ಲಿ, ಹನ್ನೆರಡು ಮಕ್ಕಳಿರುವಾಗ, ಇಂಜಿನ್ ಜಾಮ್ ಆಗಬಹುದು.

ಭಾವ ಮೂರು ಪೆಟ್ಟು ಹಾಕಿದರು. ನನಗೆ ಒಡಕು ಮಡಕೆ ಬಡಿದಂತೆ ಕೇಳಿಸಿತು. ಆದರೆ ದೊಡ್ಡವರ ಎದುರು ಮುಖ ಸಿಂಡರಿಸುವುದುಂಟೇ? ಗಂಭೀರವಾಗಿ ನಿಂತುಕೊಂಡೆ.

"ಗಟ್ಟಿ ಇದೆ ಕಣೋ. ನಾಳೆ ಕೂರಿಸ್ತೀನಿ," ಅಂದರು.

ಮರುದಿನ ಕೂರಿಸಲಿಲ್ಲ. ಬ್ಲಾಕಿನ ಸುತ್ತ ತಿರುಗಿದರು, ಮತ್ತೆ ಬಡಿದರು, ನಟ್ಟು ತಿರುಗಿಸುವ ಪಾನಾಗಳನ್ನು ಎತ್ತಿ ಅಲ್ಲೇ ಇಟ್ಟರು. ಮೂರನೆಯ ದಿನ ತಡೆಯಲಾರದೆ, ಸದ್ದು ಒಡಕಾಗಿತ್ತು ಎಂದು ಅಕ್ಕನ ಹತ್ತಿರ ಬಾಯಿಬಿಟ್ಟೆ.

ಅಕ್ಕ ಚಾಕ್ ತುಂಡೊಂದನ್ನು ಕುಟ್ಟಿ ಪುಡಿ ಮಾಡಿದಳು. ಸೀಮೆಎಣ್ಣೆ ಬಾಟಲಿ ಹಿಡಿದು ಗ್ಯಾರೇಜಿಗೆ ನಡೆದಳು.

"ಬಳೀರಿ," ಅಂದಳು ಭಾವನಿಗೆ.

"ಏನೇ ಇದು? ನನ್ನ ಕಿವಿ ಮೇಲೆ ನಂಬಿಕೆ ಇಲ್ವಾ?"

"ಕುಕ್ಕರ್ ಕೂಗಿದ್ದು ನಿಮಗೆ ಕೇಳಿಸದೆ ಎಷ್ಟು ತಿಂಗಳಾಯ್ತು ಹೇಳಿ ನೋಡೋಣ."

ಭಾವ ಕೆಂಪಾದರು. ಎಣ್ಣೆ ಬಳಿದರು, ಒರೆಸಿದರು, ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ಎರಡು ಸಿಲಿಂಡರುಗಳ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡಿತು.

"ಬದಲಾಯಿಸ್ಬೇಕು," ಅಂದವರು ನನ್ನತ್ತ ತಿರುಗಿದರು. "ನಿನಗೆ ಕೇಳಿಸಿತ್ತು ಅಲ್ವೇನೋ?"

ತಲೆಯಾಡಿಸಿದೆ.

"ಹೇಳೋಕೇನು ದಾಡಿ ನಿನಗೆ? ನಿನ್ನ ಮುಖ ನೋಡಿ ತಾನೇ ನಾನು ಗಟ್ಟಿ ಅಂದಿದ್ದು!"

ದೊಡ್ಡವರೆಂದು ನಾನು ತೋರಿದ ಮರ್ಯಾದೆಯೇ ಆ ಮಕ್ಕಳ ಕುತ್ತಿಗೆಗೆ ಬರುತ್ತಿತ್ತು. ಎಷ್ಟು ದಿನದಿಂದ ಅವರು ಹೀಗೆ ಪಕ್ಕದವರ ಮುಖ ನೋಡಿ ಕೆಲಸ ಮಾಡುತ್ತಿದ್ದರೋ! ಹೆದರಿಕೆಯ ಜೊತೆಗೆ ಅಳುವೂ ಬಂತು.

ವಾರದೊಳಗೆ ಇನ್ನೊಂದು ಬ್ಲಾಕ್ ಬಂತು. ಭಾವ ಚಾಕ್ ಪುಡಿ ಉದುರಿಸಿ ನೋಡಿದರು, ಗೆರೆ ಮೂಡಲಿಲ್ಲ. ಆದರೂ ಸರಪಳಿಗೆ ತೂಗುಹಾಕಿ ಸುತ್ತಿಗೆ ತೆಗೆದುಕೊಂಡರು. ಮೂರು ಪೆಟ್ಟು. ಬ್ಲಾಕು ಗಣಗಣ ಅಂದಿತು, ಆ ಸದ್ದು ಬೀದಿಯ ತನಕ ಹೋಯಿತು.

ಭಾವ ಸುತ್ತಿಗೆ ಹಿಡಿದುಕೊಂಡೇ ನನ್ನ ಮುಖ ನೋಡುತ್ತಾ ನಿಂತರು.

"ಗಟ್ಟಿ ಇದೆ ಭಾವ!" ಅಂದೆ, ಅವರಿಗೆ ಕೇಳಿಸುವಷ್ಟು ಜೋರಾಗಿ.