ಹೊರಗೆ ಕೂರದ ಮೂರು ತಿಂಗಳು

ಅಂಗಡಿಯವನು ಎದುರಂಗಡಿಯ ಗಿರಾಕಿಗಳ ಮೇಲೆ ಕಣ್ಣಿಟ್ಟ ಹಾಗೆ, ದೆಹಲಿಯ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಉಮಾವತಿ ತನ್ನ ಓರಗಿತ್ತಿ ಚಂಪಾಳ ಮುಟ್ಟಿನ ಮೇಲೆ ಕಣ್ಣಿಟ್ಟಿದ್ದಳು. ಅದು 1974ರ ಬೇಸಿಗೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಉಮಾವತಿಗೆ ಮಕ್ಕಳಿಲ್ಲ. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಚಂಪಾ ಮೂರು ತಿಂಗಳಿಂದ ಹೊರಗೆ ಕೂತಿಲ್ಲ! ಮೈ ತುಂಬಿದೆ, ಎದೆಹಾಲಿಗೆ ರವಿಕೆ ಒದ್ದೆಯಾಗುತ್ತಿದೆ. ಅತ್ತೆ ಊರಿಂದ ತರಿಸಿದ ಮಿಡಿ ಉಪ್ಪಿನಕಾಯಿಯ ಭರಣಿಯನ್ನೇ ಅವಳ ಮುಂದಿಟ್ಟಿದ್ದರು.

"ನಮಗೆ ಮಿಡಿಯ ವಾಸನೆಯೇ ಪ್ರಸಾದ," ಎಂದು ಉಮಾವತಿ ಗೊಣಗಿದಳು.

ತಪಾಸಣೆಗೂ ಅವಳೇ ಜೊತೆಗೆ ಹೋದಳು. ಯಾರೋ ಕರೆದಂತೆ ಕೇಳಿಸುತ್ತದೆಂದು ಹೆದರುತ್ತಿದ್ದ ಚಂಪಾಳಿಗೆ ಚಳಿಗಾಲದಲ್ಲಿ ಮನೋವೈದ್ಯರು ಬರೆದುಕೊಟ್ಟಿದ್ದ ಮಾತ್ರೆಯ ಚೀಟಿಯನ್ನು ಲೇಡಿ ಡಾಕ್ಟರು ಅವಳನ್ನು ಪರೀಕ್ಷಿಸಿದ ಮೇಲೆ ಓದಿದರು.

"ಬಚ್ಚಾ ನಹೀಂ ಹೈ," ಎಂದರು. ಹೊಟ್ಟೆಯಲ್ಲಿ ಮಗುವಿಲ್ಲ; ಮುಟ್ಟು ನಿಂತದ್ದೂ ಹಾಲು ಬಂದದ್ದೂ ಆ ಮಾತ್ರೆಯಿಂದಲೇ. ತಾವಾಗಿ ನಿಲ್ಲಿಸಬಾರದು, ಕೊಟ್ಟವರೇ ಬದಲಿಸಿಕೊಡುತ್ತಾರೆ ಎಂದರು.

ಉಮಾವತಿಯ ಹೊಟ್ಟೆ ತಣ್ಣಗಾಯಿತು. ಆದರೆ ಮನೆಗೆ ಮರಳುವಾಗ ಸ್ಕೂಟರ್ ರಿಕ್ಷಾದಲ್ಲಿ ಚಂಪಾ ಬಿಕ್ಕಿದಳು: "ಅಕ್ಕಾ, ದಿನಾ ಹೆಸರು ಹಿಡಿದು ಮಾತಾಡಿಸ್ತಿದ್ದೆ ಅದನ್ನ."

ಇಲ್ಲದ ಮಗುವಾದರೂ ಮೂರು ತಿಂಗಳು ಇವಳಿಗಿತ್ತು. ಉಮಾವತಿಗೆ ಮತ್ತೆ ಹೊಟ್ಟೆ ಉರಿಯಿತು.

"ಏನು ಹೆಸರಿಟ್ಟಿದ್ದೆಯೇ?" ಎಂದು ಕೇಳಿದಳು.