ತುತ್ತು ಸಿಕ್ಕಿಕೊಳ್ಳುವ ಗಂಟಲು

ನನ್ನ ಗಂಡ ಮೆಡಿಕಲ್ ಕಾಲೇಜಿನಲ್ಲಿ ಹೆಣ ಕಾಯುವವರು. ಹೀಗಂದರೆ ಅವರಿಗೆ ಮೂಗಿನ ತುದಿಯಲ್ಲಿ ಕೋಪ. "ಅಟೆಂಡರ್ ಅನ್ನೇ!" ವಿದ್ಯಾರ್ಥಿಗಳು ಕೊಯ್ದು ಕಲಿಯುವ ದೇಹಗಳನ್ನು ಮೂವತ್ತೊಂದು ವರ್ಷ ಮೇಜಿಗೆ ತಂದು, ಒದ್ದೆ ಬಟ್ಟೆ ಹೊದಿಸಿ, ಸಂಜೆ ಮತ್ತೆ ಔಷಧದ ನೀರಿನ ತೊಟ್ಟಿಗೆ ಇಳಿಸಿದವರು. ಪುಸ್ತಕದಲ್ಲಿದ್ದಂತೆ ಇರದ ನರವೋ ರಕ್ತನಾಳವೋ ಕಂಡರೆ ಅದಕ್ಕೊಂದು ಕೆಂಪು ದಾರ ಕಟ್ಟುವುದು ಅವರ ರೂಢಿ.

ಈ ಪಂಡಿತರಿಗೆ ಮನೆಯಲ್ಲಿರುವ ಕುತ್ತಿಗೆ ಮಾತ್ರ ಕಣ್ಣಿಗೆ ಬೀಳಲಿಲ್ಲ. ಮದುವೆಯಾದಾಗಿನಿಂದ ನನಗೆ ತುತ್ತು ಗಂಟಲ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೇಳಿದರೆ, "ಬಾಯಿ ಮುಚ್ಕೊಂಡು ತಿನ್ನು, ತಾನಾಗಿ ಇಳಿಯುತ್ತೆ" ಎಂದು ನಗುತ್ತಿದ್ದರು. ನಗುವಂಥದ್ದೇನಿತ್ತೋ!

ಹೋದ ವರ್ಷ ಕುತ್ತಿಗೆಯ ಬಲಗಡೆ ಥೈರಾಯ್ಡ್ ಗಂಟು ಬೆಳೆಯಿತು. ಆಪರೇಷನ್ ಆಗಲೇಬೇಕು, ಆದರೆ ಪಕ್ಕದಲ್ಲೇ ದನಿಯ ನರ ಇದೆ, ಅದಕ್ಕೆ ಪೆಟ್ಟಾದರೆ ದನಿ ಹೋದೀತು ಎಂದರು ಡಾಕ್ಟರಮ್ಮ. ಅವರೂ ನಮ್ಮವರ ಮೇಜಿನ ಮುಂದೆ ನಿಂತು ಕಲಿತವರೇ. ನನ್ನ ಜೀವ ಬಾಯಿಗೆ ಬಂತು. ದಿನವಿಡೀ ವಟಗುಟ್ಟುವವಳು ನಾನು, ದನಿಯಿಲ್ಲದೆ ಬದುಕುವುದುಂಟೆ?

ಆಪರೇಷನ್ನಿಗೆ ಇನ್ನು ಮೂರೇ ದಿನ ಇತ್ತು. ಮಧ್ಯಾಹ್ನ ಊಟ ಮಾಡುವಾಗ ತುತ್ತು ಸಿಕ್ಕಿಕೊಂಡಿತು. ನೀರು ಕೊಡಲು ಎದ್ದವರು ಲೋಟ ಹಿಡಿದು ಹಾಗೇ ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತು. ನನ್ನ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡೇ ಹೋದರು.

"ಡಾಕ್ಟ್ರೇ, ಇವಳಿಗೆ ಮೊದಲಿಂದ್ಲೂ ತುತ್ತು ಸಿಕ್ಕಿಕೊಳ್ಳುತ್ತೆ. ನಾನು ಎರಡು ದೇಹಕ್ಕೆ ದಾರ ಕಟ್ಟಿದ್ದು ನೆನಪಿದೆಯಾ? ಬಲಗೈಗೆ ಹೋಗೋ ರಕ್ತನಾಳ ಅನ್ನನಾಳಾನ ಒತ್ಕೊಂಡು ಅದರ ಹಿಂದಿನಿಂದ ಹೋಗಿತ್ತಲ್ಲ? ಆ ಎರಡರಲ್ಲೂ ಬಲಗಡೆ ದನಿಯ ನರ ಎಲ್ಲರ ಹಾಗೆ ಎದೆಗಿಳಿದು ತಿರುಗಿ ಮೇಲೆ ಬರದೆ, ಕುತ್ತಿಗೇಲೇ ಅಡ್ಡ ಬಂದಿತ್ತು. ಇವಳದ್ದೂ ಹಾಗೇ ಇದ್ರೆ?"

ಡಾಕ್ಟರಮ್ಮ ನಗಲಿಲ್ಲ. ಆಗಲೇ ಸ್ಕ್ಯಾನ್ ಮಾಡಿಸಿದರು. ನನ್ನ ರಕ್ತನಾಳವೂ ಅನ್ನನಾಳದ ಹಿಂದಿನಿಂದಲೇ ಹೋಗಿತ್ತು.

"ಅಣ್ಣ, ಗೊತ್ತಿಲ್ದೆ ಕೈ ಹಾಕಿದ್ರೆ ಆ ನರಾನ ರಕ್ತನಾಳ ಅಂದ್ಕೊಂಡು ಕತ್ತರಿಸಿಬಿಡ್ತಿದ್ದೆನೋ ಏನೋ," ಎಂದರು.

ಇವರು ಗೋಡೆಗೆ ತಲೆಯಾನಿಸಿ ಅತ್ತುಬಿಟ್ಟರು. "ಇಷ್ಟು ವರ್ಷ ಹೇಳ್ತಾನೇ ಇದ್ಲು. ನಾನು ನಗ್ತಾ ಇದ್ದೆ."

ಆಪರೇಷನ್ ಆಗಿ ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಇವರೇ. ಕಣ್ಣು ಕೆಂಪು, ಅಂಗಿಯ ಗುಂಡಿಗಳೆಲ್ಲ ಮೇಲೆಕೆಳಗೆ.

"ಮಾತಾಡೇ. ಬೈಯಾದ್ರೂ ಬೈಯೇ."

ಬಾಯಿ ತೆರೆಯಲು ನನಗೆ ಭಯ. ಕೊನೆಗೂ ಧೈರ್ಯ ಮಾಡಿದೆ. "ಗುಂಡಿ... ಸರಿಯಾಗಿ ಹಾಕ್ಕೊಳ್ಳಿ."

ಒಡಕು ದನಿ, ಆದರೆ ನನ್ನದೇ.

ತುತ್ತು ಈಗಲೂ ಸಿಕ್ಕಿಕೊಳ್ಳುತ್ತದೆ. "ಸಿಕ್ತಾ?" ಎಂದು ಕೇಳಿ ಲೋಟ ಮುಂದಿಡುತ್ತಾರೆ. ಅದು ಇಳಿಯುವವರೆಗೆ ತಾವೂ ಉಣ್ಣುವುದಿಲ್ಲ.