ಕೈಗೆ ಮುಟ್ಟದ ರೊಟ್ಟಿಯ ರೊಕ್ಕ

ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ ವಿಜಯಪುರ ಕಡೆಯ ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಆಫೀಸಿನಿಂದ ಬರುವಾಗ ಬಿಸಿ ರೊಟ್ಟಿ ಕಟ್ಟಿಸಿಕೊಂಡು, ರೊಕ್ಕ ಅವಳ ಕೈಗಿಟ್ಟು ಬರುವುದು ನನ್ನ ರೂಢಿಯಾಗಿತ್ತು.

ಹತ್ತಿರದ ವರ್ಕ್‌ಶಾಪಿನಲ್ಲಿ ದುಡಿಯುವ ಅವಳ ಗಂಡ ಒಂದು ದಿನ ಬಾಗಿಲಿಗೆ ಕ್ಯೂಆರ್ ಕೋಡ್ ಅಂಟಿಸಿದ. ಖಾತೆ ಅವನದು, ಹಣ ಬಂತೆಂದು ಕೂಗುವ ಫೋನೂ ಅವನದು. ಅವಳ ಬಳಿ ಇದ್ದದ್ದು ಮಾತಾಡಲಷ್ಟೇ ಬರುವ ಹಳೆಯ ಡಬ್ಬಾ ಫೋನು. ನಮಗೇನೋ ಚಿಲ್ಲರೆಯ ಗೊಡವೆ ತಪ್ಪಿತು. ಸರ್ಕಾರ ನಗದಿಗೆ ಮಿತಿ ಹಾಕಿದ್ದು ಒಳ್ಳೆಯದೇ, ಎಲ್ಲರ ಹಣವೂ ಬೆಳಕಿಗೆ ಬರಲಿ ಎಂದು ಮನೆಯಲ್ಲಿ ವಾದ ಮಾಡುತ್ತಿದ್ದವಳು ನಾನು.

ಒಂದು ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದಳು. ಊರಿನಲ್ಲಿ ತಾಯಿಗೆ ಲಕ್ವಾ ಹೊಡೆದಿತ್ತು. ಸಂಜೆ ಬಂದು ನೋಡೋಣ ಎಂದಿದ್ದನಂತೆ ಗಂಡ. ಬಸ್ಸಿಗೆ ಅವಳ ಹತ್ತಿರ ಏನೂ ಇರಲಿಲ್ಲ. ನನ್ನ ಪರ್ಸಿನಲ್ಲೂ ನಗದು ಇರಲಿಲ್ಲ. ನನ್ನ ಫೋನಿನಲ್ಲೇ ಟಿಕೆಟ್ ತೆಗೆದು, ಬಸ್ಸು ನಿಲ್ಲುವ ಕಡೆಗೆ ರಿಕ್ಷಾದಲ್ಲಿ ಕರೆದೊಯ್ದೆ. ದಾರಿಯಲ್ಲಿ ಅವಳು ಅಳಲಿಲ್ಲ.

"ದಿನಾ ದುಡೀತೀನ್ರಿ ಅಕ್ಕಾರ," ಎಂದಳು. "ಅವ್ವನ್ನ ನೋಡಾಕ ಹೋಗಾಕ ಮಂದೀನ ಬೇಡೂ ಹಂಗಾತು."

ಸಂಜೆ ಅವಳ ಗಂಡ ಬಂದ. ಕೆಟ್ಟವನಲ್ಲ. ಅಷ್ಟು ಅವಸರವಿದೆ ಎಂದು ತಿಳಿದಿದ್ದರೆ ನಾನೇ ಕಳಿಸುತ್ತಿದ್ದೆ ಎಂದು ಬೇಸರಪಟ್ಟು, ಟಿಕೆಟ್ಟಿನ ಹಣವನ್ನು ಅಲ್ಲೇ ನಿಂತು ನನ್ನ ಖಾತೆಗೆ ಹಾಕಿದ.

ತಾಯಿ ಉಳಿದಳು, ಬಲಗೈ ಮಾತ್ರ ಬಿದ್ದುಹೋಯಿತು. ಊರಿನಿಂದ ಮರಳಿದ ಮೇಲೆ ಅವಳು ನನಗೆ ಮೆಲ್ಲಗೆ ಹೇಳಿದಳು: "ಇನ್ನ ಮ್ಯಾಲ ರೊಕ್ಕ ಕೈಯಾಗ ಕೊಡ್ರಿ. ಫೋನಿನಾಗ ಬಂದದ್ದು ನನಗ ಮುಟ್ಟೂದಿಲ್ಲ."

ಅವಳ ಹೆಸರಿನಲ್ಲೇ ಖಾತೆ ತೆಗೆಸೋಣ ಎಂದೆ. ಹೊಸ ಖಾತೆ, ಹೊಸ ಫೋನು ಎಂದರೆ ಮನೆಯಲ್ಲಿ ಜಗಳವೇಳುತ್ತದೆ, ಬೇಡ ಎಂದಳು. ನಾನು ಎಟಿಎಂನಿಂದ ನೋಟು ತಂದು ಅವಳ ಕೈಗೇ ಕೊಡತೊಡಗಿದೆ.

ಕೆಲವು ವಾರಗಳಾದ ಮೇಲೆ ಅವಳ ಗಂಡ ಸ್ಟೇಶನ್ನಿನ ಸೇತುವೆಯ ಮೇಲೆ ಸಿಕ್ಕು, ಫೋನಿಗೆ ಬರುವ ಹಣ ಈಚೆಗೆ ಕಡಿಮೆಯಾಗಿದೆ, ನೀವೂ ರೊಟ್ಟಿ ಬಿಟ್ಟಿರೇನು ಎಂದು ಕೇಳಿದ. ನನಗೆ ಗಾಬರಿಯಾಯಿತು. ಮನೆಯಲ್ಲಿ ಈಗ ತಿನ್ನುವವರು ಕಡಿಮೆ ಎಂದುಬಿಟ್ಟೆ.

ಅವನೆಂದ: "ಗಿರಾಕಿ ಇಲ್ಲಂದ್ರ ಆಕೀ ಸುಮ್ನ ಒಲಿ ಮುಂದ ಬೇಯೂದ್ಯಾಕ? ಬಿಡಿಸಿಬಿಡ್ತೀನ್ರಿ."

ಆ ಮಾತಿನಲ್ಲಿ ಹೆಂಡತಿಯ ಮೇಲಿನ ಕನಿಕರವೇ ಇತ್ತು. ನನ್ನ ಸುಳ್ಳು ಅವಳ ದುಡಿಮೆಯನ್ನೇ ಕಿತ್ತುಕೊಳ್ಳುವಂತಾಯಿತಲ್ಲ ಎಂದು ದಿನವಿಡೀ ಕಳವಳವಾಯಿತು. ಸಂಜೆ ಹೋಗಿ ಹೇಳಿದಾಗ ಅವಳು ಹಿಟ್ಟು ನಾದುತ್ತಲೇ ಲೆಕ್ಕ ಹಾಕಿದಳು.

"ಅರ್ಧ ಅವರ ಫೋನಿಗೆ ಹಾಕ್ರಿ," ಎಂದಳು ಕೊನೆಗೆ. "ಅರ್ಧ ನನಗ ಕೊಡ್ರಿ."

ಈಗ ಹಾಗೆಯೇ ಕೊಡುತ್ತಿದ್ದೇನೆ. ತನ್ನದೇ ದುಡಿಮೆಯ ಆ ನೋಟುಗಳನ್ನು ಅವಳು ಬಾಗಿಲ ಕಡೆ ನೋಡುತ್ತ, ಕದ್ದವಳಂತೆ ಸೆರಗಿನೊಳಗೆ ಸೇರಿಸುತ್ತಾಳೆ.